ಸ್ಪ್ಯಾಮ್ ಗುಂಡಿ ಹುಟ್ಟಿದ ಬಗೆ

1978ರ ಮೇ 3ರಂದು ಅಮೆರಿಕದ ರಕ್ಷಣಾ ಇಲಾಖೆಯ ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಮಂದಿಗೆ ಒಂದೇ ಇಮೇಲ್ ಬಂತು. ಕಳಿಸಿದವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಮಾರುಕಟ್ಟೆ ವಿಭಾಗದ ಗ್ಯಾರಿ ಥರ್ಕ್. ಹೊಸ ಕಂಪ್ಯೂಟರುಗಳ ಪ್ರದರ್ಶನವಿದೆ, ಲಾಸ್ ಏಂಜಲಿಸ್‌ಗೋ ಸ್ಯಾನ್ ಮಟೇಯೊಗೋ ಬನ್ನಿ ಎಂಬ ಕರೆಯೋಲೆ ಅದು. ಜಾಲದ ಬಳಕೆದಾರರ ಹೆಸರು ಆಗ ಅಚ್ಚಾದ ಡೈರೆಕ್ಟರಿಯಲ್ಲಿರುತ್ತಿತ್ತು. ಅದನ್ನು ನೋಡಿಕೊಂಡು ವಿಳಾಸಗಳನ್ನು ಒಂದೊಂದಾಗಿ ಟೈಪ್ ಮಾಡಿದ್ದರು. ಪ್ರೋಗ್ರಾಮಿಗೆ ಅಷ್ಟೊಂದು ವಿಳಾಸ ಹಿಡಿಸದೆ, ಮಿಕ್ಕವು ಪತ್ರದ ಒಡಲಿಗೇ ಬಂದು ಕೂತವು.

ಜಾಲ ಇದ್ದದ್ದು ಸರ್ಕಾರಿ ಕೆಲಸಕ್ಕೆ, ವ್ಯಾಪಾರಕ್ಕಲ್ಲ. ದೂರುಗಳು ಹೋದವು, ಜಾಲ ನೋಡಿಕೊಳ್ಳುತ್ತಿದ್ದ ಅಧಿಕಾರಿಗಳು ಕಂಪನಿಗೆ ಛೀಮಾರಿ ಹಾಕಿದರು. ಜಗತ್ತಿನ ಮೊದಲ ಸ್ಪ್ಯಾಮ್ ಎಂದು ಇದನ್ನೇ ಹೇಳುತ್ತಾರೆ. ಸ್ಪ್ಯಾಮ್ ವಿರುದ್ಧದ ದೂರಿನ ಚರಿತ್ರೆಯೂ ಅಲ್ಲಿಂದಲೇ ಶುರು. ಇಂದು ನಾವು ಒತ್ತುವ ‘ರಿಪೋರ್ಟ್ ಸ್ಪ್ಯಾಮ್’ ಗುಂಡಿ ಇಂಥ ದೂರುದಾರರ ಹಟದಿಂದ ಬಂದದ್ದು.

ಆ ಹಟಕ್ಕೆ ದಾರಿಯೇ ಇಲ್ಲದ ಕಾಲವೊಂದಿತ್ತು. 1994ರ ಏಪ್ರಿಲ್ 12ರಂದು ಅರಿಜೋನಾದ ವಕೀಲ ದಂಪತಿ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗಲ್, ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ಚರ್ಚಾ ಗುಂಪುಗಳಿಗೆ ಒಮ್ಮೆಗೇ ಸುರಿದರು. ಸಿಟ್ಟಿಗೆದ್ದ ಜನ ಕಳಿಸಿದ ಪತ್ರಗಳ ಭಾರಕ್ಕೆ ಅವರಿಗೆ ಇಂಟರ್‌ನೆಟ್ ಸಂಪರ್ಕ ಕೊಟ್ಟಿದ್ದ ಕಂಪನಿಯ ಕಂಪ್ಯೂಟರೇ ಕುಸಿದುಬಿತ್ತು. ಖಾತೆ ರದ್ದಾಯಿತು. ದಂಪತಿ ಪಶ್ಚಾತ್ತಾಪಪಡಲಿಲ್ಲ, ಇಂಟರ್‌ನೆಟ್‌ನಲ್ಲಿ ದುಡ್ಡು ಮಾಡುವುದು ಹೇಗೆಂದು ಅದೇ ವರ್ಷ ಪುಸ್ತಕ ಬರೆದರು.

ದೂರು ಕೊಡಲು ಗೊತ್ತಾದ ವಿಳಾಸವೊಂದು ಬೇಕು ಎಂಬುದು ಅಷ್ಟರಲ್ಲಿ ಎಲ್ಲರಿಗೂ ಮನವರಿಕೆಯಾಗಿತ್ತು. 1997ರ ಮೇ ತಿಂಗಳಲ್ಲಿ ಡೇವ್ ಕ್ರಾಕರ್ ಬರೆದ ಆರ್‌ಎಫ್‌ಸಿ 2142 ಎಂಬ ಪುಟ್ಟ ದಾಖಲೆ ಅದನ್ನು ಒದಗಿಸಿತು: ಜಾಲ ನಡೆಸುವ ಸಂಸ್ಥೆಗಳು ‘ಅಬ್ಯೂಸ್’ ಹೆಸರಿನ ಒಂದು ಮೇಲ್‌ಬಾಕ್ಸ್ ಇಟ್ಟುಕೊಳ್ಳಬೇಕು. ಆ ಪದ್ಧತಿ ಇಂದಿಗೂ ಇದೆ.

ಆದರೆ ಯಾವ ಸಂಸ್ಥೆಗೆ ದೂರುವುದು? ಜಿಮೇಲಿನಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಪತ್ರದ ಹೆಡರ್ ತೆರೆದುಕೊಳ್ಳುತ್ತದೆ. ಅದರಲ್ಲಿ ‘ರಿಸೀವ್ಡ್’ ಎಂದು ಆರಂಭವಾಗುವ ಸಾಲುಗಳು, ಅಂಚೆ ಲಕೋಟೆಯ ಮೇಲಿನ ಠಸ್ಸೆಗಳ ಹಾಗೆ, ಪತ್ರ ಹಾದು ಬಂದ ದಾರಿ ಹೇಳುತ್ತವೆ. ದಾಟಿದ ಪ್ರತಿ ಸರ್ವರ್ ತನ್ನ ಸಾಲನ್ನು ಮೇಲ್ಗಡೆ ಸೇರಿಸುವುದರಿಂದ ಕೆಳಗಿನಿಂದ ಮೇಲಕ್ಕೆ ಓದಬೇಕು. ‘ಫ್ರಮ್’ ಎಂಬಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದು. ಕೆಳಗಿನ ರಿಸೀವ್ಡ್ ಸಾಲುಗಳೂ ಖೋಟಾ ಇರಬಹುದು. ಕಣ್ಣುಮುಚ್ಚಿ ನಂಬಬಹುದಾದ್ದು ನಮ್ಮದೇ ಇಮೇಲ್ ಸಂಸ್ಥೆಯ ಸರ್ವರ್ ಬರೆದ ಸಾಲು. ಪತ್ರವನ್ನು ತನಗೆ ಒಪ್ಪಿಸಿದ ಯಂತ್ರದ ಐಪಿ ವಿಳಾಸ ಅದರಲ್ಲಿರುತ್ತದೆ. ಆ ವಿಳಾಸ ಯಾರದೆಂದು ಪತ್ತೆ ಮಾಡಿದರೆ ದೂರು ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತದೆ.

ಇಷ್ಟೆಲ್ಲ ಹುಡುಕುವ ತಾಳ್ಮೆ ಎಷ್ಟು ಜನಕ್ಕಿದ್ದೀತು? 1998ರಲ್ಲಿ ಜೂಲಿಯನ್ ಹೇಟ್ ಶುರು ಮಾಡಿದ ಸ್ಪ್ಯಾಮ್‌ಕಾಪ್ ಈ ಕೆಲಸವನ್ನು ಯಂತ್ರಕ್ಕೆ ವಹಿಸಿತು. ಪತ್ರವನ್ನು ಹೆಡರ್ ಸಮೇತ ಅಲ್ಲಿ ಅಂಟಿಸಿದರೆ ಸಾಕು, ಮೂಲ ಹುಡುಕಿ ದೂರು ತಯಾರಿಸುತ್ತದೆ. ಎಒಎಲ್‌ನಂಥ ಇಮೇಲ್ ಸಂಸ್ಥೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅದನ್ನು ಒಂದು ಗುಂಡಿಗೆ ಇಳಿಸಿದವು. ಒತ್ತಿದರೆ ಫಿಲ್ಟರ್ ಪಾಠ ಕಲಿಯುತ್ತದೆ, ಕಳಿಸಿದ ಜಾಲದವರಿಗೂ ವರದಿ ಹೋಗುತ್ತದೆ. ಇಂಥ ವರದಿಯ ನಮೂನೆಯೇ 2010ರಲ್ಲಿ ಮಾನದಂಡವಾಯಿತು.

ದೂರು ಕೊಟ್ಟರೆ ಏನಾದೀತು ಎನ್ನುವವರು 2008ರ ನವೆಂಬರ್ 11ನ್ನು ನೆನೆಯಬೇಕು. ಕ್ಯಾಲಿಫೋರ್ನಿಯಾದ ಮೆಕೊಲೊ ಎಂಬ ಹೋಸ್ಟಿಂಗ್ ಕಂಪನಿಯ ಬಗ್ಗೆ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಮತ್ತು ಭದ್ರತಾ ತಜ್ಞರು ಕಲೆಹಾಕಿದ ಸಾಕ್ಷ್ಯ ಕಂಡು, ಅದಕ್ಕೆ ಸಂಪರ್ಕ ಕೊಟ್ಟಿದ್ದ ಕಂಪನಿಗಳು ತಂತಿ ಕಡಿದವು. ಜಗತ್ತಿನ ಸ್ಪ್ಯಾಮ್ ಹರಿವು ಒಮ್ಮೆಗೇ ಅರ್ಧಕ್ಕೂ ಕೆಳಗಿಳಿಯಿತು. ತಿಂಗಳುಗಳಲ್ಲಿ ಮತ್ತೆ ಏರಿತು, ನಿಜ. ಆದರೂ ಮೂಲಕ್ಕೆ ಕೈಹಾಕಿದರೆ ಫಲವಿದೆ ಎಂಬುದು ಅಂದು ರುಜುವಾತಾಯಿತು.

ಈಗ ದೂರಿಗೆ ಲೆಕ್ಕವೂ ಬಂದಿದೆ. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ ಗೂಗಲ್ 2024ರ ಫೆಬ್ರುವರಿಯಿಂದ ಕಟ್ಟುನಿಟ್ಟು ಮಾಡಿದೆ: ಸ್ಪ್ಯಾಮ್ ದೂರಿನ ಪ್ರಮಾಣ ಶೇ 0.3 ಮುಟ್ಟಕೂಡದು. ಅಂದರೆ ಸಾವಿರಕ್ಕೆ ಮೂವರು ಗುಂಡಿ ಒತ್ತಿದರೂ ಕಳಿಸಿದವರಿಗೆ ಬಿಸಿ ತಟ್ಟುತ್ತದೆ. ಜಾಹೀರಾತು ಪತ್ರಗಳಲ್ಲಿ ಒಂದೇ ಕ್ಲಿಕ್ಕಿಗೆ ‘ಅನ್‌ಸಬ್‌ಸ್ಕ್ರೈಬ್’ ಆಗುವ ಸೌಲಭ್ಯವೂ ಇರಬೇಕು.

ನಮ್ಮಲ್ಲಿ ಕಾನೂನಿನ ಬಲ ಕಡಿಮೆ. ಕಿರಿಕಿರಿ ಮಾಡುವ, ಮೂಲ ಮರೆಮಾಚುವ ಇಮೇಲನ್ನು ಐಟಿ ಕಾಯ್ದೆಯ 66ಎ ಕಲಂ ಅಪರಾಧವೆಂದಿತ್ತು. ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಆ ಕಲಮನ್ನೇ ರದ್ದುಗೊಳಿಸಿತು. ರದ್ದಾದದ್ದು ಸರಿಯೇ, ಆದರೆ ಇಮೇಲ್ ಸ್ಪ್ಯಾಮಿಗೆಂದೇ ಬೇರೆ ಕಾನೂನು ಬರಲಿಲ್ಲ. ದೂರು ಕೊಡುವ ದೂರವಾಣಿ ಸಂಖ್ಯೆ 1909 ಇರುವುದು ಕರೆ ಮತ್ತು ಎಸ್‌ಎಂಎಸ್ ಕಾಟಕ್ಕೆ.

ಹಾಗಾಗಿ ಗುಂಡಿಯೇ ಗತಿ, ಅದನ್ನು ಸರಿಯಾಗಿ ಬಳಸಬೇಕು. ನೀವೇ ಚಂದಾದಾರರಾದ ಅಂಗಡಿಯ ಪತ್ರ ಬೇಡವಾದರೆ ‘ಅನ್‌ಸಬ್‌ಸ್ಕ್ರೈಬ್’ ಒತ್ತಿ. ಸ್ಪ್ಯಾಮ್ ಎಂದು ಗುರುತಿಸುವುದು ಅವರಿಗೆ ಅನ್ಯಾಯ. ಗುರುತು ಪರಿಚಯವಿಲ್ಲದವರ ಪತ್ರದಲ್ಲಿ ಯಾವ ಕೊಂಡಿಯನ್ನೂ ಮುಟ್ಟಬೇಡಿ. ಬ್ಯಾಂಕಿನ ಹೆಸರಲ್ಲಿ ಪಾಸ್‌ವರ್ಡ್ ಕೇಳಿದ್ದರೆ ‘ರಿಪೋರ್ಟ್ ಫಿಶಿಂಗ್’ ಆರಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಉಳಿದದ್ದನ್ನು ಸುಮ್ಮನೆ ಡಿಲೀಟ್ ಮಾಡುವ ಬದಲು ದಯವಿಟ್ಟು ರಿಪೋರ್ಟ್ ಮಾಡಿ.