ಪರದೇಶಧನಸಹಾಯ, ರಾಜ್ಯಾಂಗಾಧಿಕಾರ ಮತ್ತು ಯೆಹೂದ್ಯದ್ವೇಷದ ಆರೋಪ: 1991ನೆಯ ಇಸವಿಯ ಒಂದು ವಿವಾದ

1991ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷರಾಗಿದ್ದ ಜಾರ್ಜ್ ಹೆಚ್. ಡಬ್ಲ್ಯು. ಬುಷ್ ಅವರಿಗೂ, ಆ ದೇಶದ ಶಾಸನಸಭೆಯಾದ ಕಾಂಗ್ರೆಸ್ಸಿಗೂ, ಇಸ್ರೇಲ್ ಸರಕಾರಕ್ಕೂ ಒಂದು ವಿವಾದವು ತಲೆದೋರಿತು. ವಿವಾದದ ವಸ್ತು ಹಣವೇ ಆದರೂ ಅದರಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡವು. ಪರದೇಶಕ್ಕೆ ಧನಸಹಾಯ ಮಾಡುವಾಗ ನಿಬಂಧನೆಗಳನ್ನು ಹಾಕಬಹುದೆ? ಅದನ್ನು ನಿರ್ಣಯಿಸತಕ್ಕವರು ಯಾರು? ತಡೆದವರ ಅಂತರಂಗವೆಂತಹುದು? ಮೊದಲಿನ ಎರಡು ರಾಜನೀತಿಜ್ಞರ ವಿಷಯಗಳು. ಮೂರನೆಯದು ಬಹುಮಟ್ಟಿಗೆ ಶಬ್ದಾರ್ಥವಿಚಾರವಾದುದರಿಂದ ಸಾಹಿತ್ಯವ್ಯಾಸಂಗಿಗಳಿಗೂ ಅಲ್ಲಿ ಪ್ರವೇಶವುಂಟೆಂದು ಭಾವಿಸಿ ಈ ಲೇಖನವನ್ನು ಬರೆಯಲು ತೊಡಗಿದ್ದೇನೆ.

ಸೋವಿಯತ್ ಒಕ್ಕೂಟವು ಸಡಿಲವಾಗುತ್ತ ಬಂದಂತೆ ಅಲ್ಲಿನ ಯೆಹೂದ್ಯರಿಗೆ ದೇಶವನ್ನು ಬಿಟ್ಟು ಹೊರಡಲು ಅವಕಾಶ ದೊರೆಯಿತು. 1990 ಮತ್ತು 1991 ಈ ಎರಡೇ ವರ್ಷಗಳಲ್ಲಿ ಮೂರು ಲಕ್ಷಕ್ಕೂ ಮಿಕ್ಕ ಜನರು ಇಸ್ರೇಲಿಗೆ ಬಂದಿಳಿದರು. ಸುಮಾರು ಐವತ್ತು ಲಕ್ಷ ಜನಸಂಖ್ಯೆಯ ದೇಶಕ್ಕೆ ಇದು ಸಾಮಾನ್ಯ ಭಾರವಲ್ಲ. ಇವರಿಗೆ ಮನೆ, ಉದ್ಯೋಗಗಳನ್ನು ಕಲ್ಪಿಸುವುದಕ್ಕಾಗಿ ಪ್ರಧಾನಮಂತ್ರಿ ಯಿತ್ಸಾಕ್ ಶಮೀರ್ ಅವರ ಸರಕಾರವು ಅಮೆರಿಕವನ್ನು ಐದು ವರ್ಷಗಳ ಅವಧಿಯಲ್ಲಿ ಒಂದು ಸಾವಿರ ಕೋಟಿ ಡಾಲರುಗಳ ಸಾಲಕ್ಕೆ ಜಾಮೀನು ನಿಲ್ಲಬೇಕೆಂದು ಕೇಳಿತು. ಇದು ದಾನವಲ್ಲ; ಅಮೆರಿಕವು ತಾನೇ ಕೊಡುವ ಸಾಲವೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಸಾಹುಕಾರನ ಮುಂದೆ ಒಬ್ಬನಿಗಾಗಿ ಮತ್ತೊಬ್ಬನು ಹೊಣೆ ನಿಲ್ಲುವನಷ್ಟೆ, ಇದೂ ಹಾಗೆಯೇ. ಹೊಣೆಗಾರನು ಸಿರಿವಂತನಾದುದರಿಂದ ಬಡ್ಡಿಯ ದರ ಇಳಿಯುತ್ತದೆ. ಸಾಲಗಾರನು ತಪ್ಪಿದರೆ ಮಾತ್ರ ಹೊಣೆಗಾರನ ಗಂಟು ಕರಗುತ್ತದೆ. ಆದರೆ ಈ ‘ತಪ್ಪಿದರೆ’ ಎಂಬುದಕ್ಕೂ ಒಂದು ಬೆಲೆಯನ್ನು ಕಟ್ಟಿ ಆಯವ್ಯಯದ ಲೆಕ್ಕದಲ್ಲಿ ತೋರಿಸಬೇಕೆಂದು 1990ರಲ್ಲಿ ಅಮೆರಿಕದಲ್ಲಿ ಕಾಯಿದೆಯಾಗಿತ್ತು. ಆದುದರಿಂದ ಜಾಮೀನೂ ಬೊಕ್ಕಸದ ವಿಷಯವೇ ಆಯಿತು. ಬೊಕ್ಕಸದ ವಿಷಯವಾದ ಮೇಲೆ ಕಾಂಗ್ರೆಸ್ಸಿನ ಅನುಮತಿಯಿಲ್ಲದೆ ನಡೆಯುವಂತಿರಲಿಲ್ಲ.

ಬುಷ್ ಅವರು ಇದಕ್ಕೆ ಎರಡು ಅಡ್ಡಿಗಳನ್ನು ಕಂಡರು. 1967ರ ಯುದ್ಧದಲ್ಲಿ ಇಸ್ರೇಲ್ ವಶಪಡಿಸಿಕೊಂಡ ಪ್ರದೇಶಗಳಲ್ಲಿ ಅದು ಯೆಹೂದ್ಯ ವಸತಿಗಳನ್ನು ಹೆಚ್ಚಿಸುತ್ತಲೇ ಇದ್ದಿತು. ಸಾಲದ ಹಣವನ್ನು ಅಲ್ಲಿ ನೇರವಾಗಿ ವಿನಿಯೋಗಿಸದಿದ್ದರೂ ಒಂದು ಕಡೆ ಮಿಕ್ಕ ಹಣವು ಮತ್ತೊಂದು ಕಡೆಗೆ ಹರಿಯಬಹುದೆಂಬುದು ಅವರ ಶಂಕೆ. ಎರಡನೆಯದಾಗಿ, ಅರಬರನ್ನೂ ಇಸ್ರೇಲನ್ನೂ ಒಂದೇ ಸಂಧಾನಸಭೆಗೆ ಕರೆತರುವ ಪ್ರಯತ್ನವನ್ನು ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರು ಆಗ ನಡೆಸುತ್ತಿದ್ದರು. ಅದು ಕೂಡಿಬರುವವರೆಗೆ, ಎಂದರೆ 120 ದಿವಸಗಳ ಮಟ್ಟಿಗೆ, ಜಾಮೀನಿನ ವಿಚಾರವನ್ನು ಮುಂದಕ್ಕೆ ಹಾಕಬೇಕೆಂದು ಬುಷ್ ಕೇಳಿಕೊಂಡರು. ಒಂದು ಕಡೆ ಗಡಿ ದಾಟಿ ಬಂದು ಸೂರಿಗಾಗಿ ಕಾದಿದ್ದ ಲಕ್ಷಾಂತರ ಜನ. ಮತ್ತೊಂದು ಕಡೆ ವಸತಿಗಳು ಏಳುತ್ತಿದ್ದ ನೆಲವು ತಮ್ಮದೆನ್ನುತ್ತಿದ್ದ ಪ್ಯಾಲಸ್ತೀನ್ ಜನ. ಇಬ್ಬರ ಕಷ್ಟವೂ ನಿಜವಾದುದರಿಂದಲೇ ವಿವಾದಕ್ಕೆ ಅಷ್ಟು ಕಾವು ಬಂದುದು.

ಇನ್ನು ಅಧಿಕಾರದ ಪ್ರಶ್ನೆ. ಅಮೆರಿಕದ ರಾಜ್ಯಾಂಗದ ಒಂದನೆಯ ವಿಧಿಯು ಶಾಸನದ ಮೂಲಕ ಮಂಜೂರಾದ ಹೊರತು ಬೊಕ್ಕಸದಿಂದ ಹಣ ತೆಗೆಯಕೂಡದೆಂದು ವಿಧಿಸುತ್ತದೆ. ಎರಡನೆಯ ವಿಧಿಯು ಒಪ್ಪಂದ, ರಾಯಭಾರ ಮೊದಲಾದ ಕಾರ್ಯಗಳನ್ನು ಅಧ್ಯಕ್ಷನಿಗೆ ವಹಿಸಿದೆ. 1936ರ ಕರ್ಟಿಸ್-ರೈಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪರರಾಷ್ಟ್ರವ್ಯವಹಾರದಲ್ಲಿ ಅಧ್ಯಕ್ಷನ ಸ್ಥಾನವನ್ನು ಬಹು ಎತ್ತರಿಸಿ ಮಾತನಾಡಿತು. ಹಾಗಾದರೆ ಪರರಾಷ್ಟ್ರಕ್ಕೆ ಕೊಡುವ ಹಣವು ‘ಹಣ’ವೋ ‘ಪರರಾಷ್ಟ್ರವ್ಯವಹಾರ’ವೋ? ಎರಡೂ ಹೌದು, ಗಂಟು ಬಿದ್ದಿರುವುದು ಇಲ್ಲಿಯೇ. ಜಾಮೀನನ್ನು ಒಡನೆಯೇ ಮಂಜೂರು ಮಾಡಬೇಕೆಂಬ ಪಕ್ಷಕ್ಕೆ ಸೆನೆಟ್ಟಿನಲ್ಲಿ ಬಹುಮತವಿದ್ದಿತು. ಅಧ್ಯಕ್ಷರ ಕೈಯಲ್ಲಿದ್ದುದು ನಿಷೇಧಾಧಿಕಾರವೊಂದೇ. ಅದನ್ನು ಮೀರಬೇಕಾದರೆ ಎರಡು ಸಭೆಗಳಲ್ಲಿಯೂ ಮೂರರಲ್ಲಿ ಎರಡು ಪಾಲು ಮತಗಳು ಬೇಕು. ಈ ಪ್ರಶ್ನೆಯು ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಲಿಲ್ಲ. ಮತಗಳ ಎಣಿಕೆಯಲ್ಲಿಯೇ ಮುಗಿಯಿತು.

ಸೆಪ್ಟೆಂಬರ್ 12ರಂದು ಅಮೆರಿಕದ ಯೆಹೂದ್ಯ ಸಂಘಗಳ ಸುಮಾರು ಒಂದು ಸಾವಿರ ಮಂದಿ ಪ್ರತಿನಿಧಿಗಳು ಶಾಸನಸಭಿಕರನ್ನು ಕಾಣಲು ವಾಷಿಂಗ್ಟನ್ನಿಗೆ ಬಂದಿದ್ದರು. ಅದೇ ದಿನ ಬುಷ್ ಅವರು ಪತ್ರಿಕಾಪ್ರತಿನಿಧಿಗಳ ಮುಂದೆ, ಎದುರುಪಕ್ಷದಲ್ಲಿ ಸಾವಿರ ಜನ ಲಾಬಿಗಾರರು ಕೆಲಸಮಾಡುತ್ತಿರುವರೆಂದೂ, ಇತ್ತ ತಾವೊಬ್ಬರೇ ನಿಂತಿರುವುದಾಗಿಯೂ, ಪ್ರಬಲ ರಾಜಕೀಯ ಶಕ್ತಿಗಳನ್ನು ಎದುರಿಸುತ್ತಿರುವುದಾಗಿಯೂ ಹೇಳಿದರು. ಆ ವರ್ಷ ಇಸ್ರೇಲಿಗೆ ಕೊಟ್ಟ ಸಹಾಯವು ನಾನೂರು ಕೋಟಿ ಡಾಲರುಗಳನ್ನು ಮೀರಿ, ತಲೆಗೆ ಹೆಚ್ಚು ಕಡಮೆ ಸಾವಿರ ಡಾಲರಾಗುವುದೆಂದು ಲೆಕ್ಕವನ್ನೂ ಕೊಟ್ಟರು. ಕೆಲವೇ ದಿನಗಳಲ್ಲಿ ಇಸ್ರೇಲಿನ ಮಂತ್ರಿಗಳಲ್ಲೊಬ್ಬರಾದ ರೆಹವಾಮ್ ಝೆಯೆವಿ ಅವರು ಬುಷ್ ಅವರನ್ನು ಯೆಹೂದ್ಯದ್ವೇಷಿಯೆಂದು ಕರೆದರು.

ಈ ಆರೋಪಪದದ ಇತಿಹಾಸವು ಅರಿಯತಕ್ಕುದಾಗಿದೆ. ‘ಸೆಮಿಟಿಕ್’ ಎಂಬುದು ಬೈಬಲ್ಲಿನ ನೋಹನ ಮಗನಾದ ಶೇಮನ ಹೆಸರಿನಿಂದ ಬಂದುದು. 1781ರಲ್ಲಿ ಜರ್ಮನ್ ವಿದ್ವಾಂಸ ಶ್ಲ್ಯೋಟ್ಸರನು ಇದನ್ನು ಹೀಬ್ರೂ, ಅರಬ್ಬಿ, ಅರಮಾಯಿಕ್ ಮೊದಲಾದ ಭಾಷೆಗಳ ವರ್ಗಕ್ಕೆ ಹೆಸರಾಗಿ ಬಳಸಿದನು. ಭಾಷಾವರ್ಗದ ಹೆಸರು ಜನಾಂಗದ ಹೆಸರಾಗಿ ಹರಡಿದುದು ಆಮೇಲಿನ ಅನರ್ಥ. 1856ರಲ್ಲಿ ಕಾಲ್ಡ್‌ವೆಲ್ಲರ ವ್ಯಾಕರಣವು ಪ್ರಕಟವಾದ ಮೇಲೆ ‘ದ್ರಾವಿಡ’ ಶಬ್ದಕ್ಕೂ ಇಂತಹುದೇ ಗತಿ ಒದಗಿದುದನ್ನು ಬಲ್ಲ ನಮಗೆ ಇದು ಹೊಸದಲ್ಲ. 1879ರಲ್ಲಿ ಬರ್ಲಿನ್ನಿನಲ್ಲಿ ವಿಲ್‌ಹೆಲ್ಮ್ ಮಾರ್ ಎಂಬವನು ಯೆಹೂದ್ಯರ ವಿರುದ್ಧ ಸಂಘವೊಂದನ್ನು ಸ್ಥಾಪಿಸಿ, ‘ಆಂಟಿಸೆಮಿಟ್’ ಎಂಬ ಶಬ್ದವನ್ನೇ ಅದಕ್ಕೆ ಹೆಮ್ಮೆಯಿಂದ ಬಿರುದಾಗಿ ಇಟ್ಟನು. ಹಿಟ್ಲರನ ಆಳ್ವಿಕೆಯಲ್ಲಿ ಅರುವತ್ತು ಲಕ್ಷ ಯೆಹೂದ್ಯರ ಸಂಹಾರವಾದ ತರುವಾಯ ಆ ಬಿರುದನ್ನು ಹೊರುವವರು ಉಳಿಯಲಿಲ್ಲ. ಅದು ಪರರ ಮೇಲೆ ಹೊರಿಸುವ ಮಹಾಪಾತಕದ ಹೆಸರಾಯಿತು. ಅರಬರೂ ಸೆಮಿಟಿಕ್ ವರ್ಗದವರೇ ಆದುದರಿಂದ ಅವರಲ್ಲಿ ಈ ದೋಷವು ಅಸಂಭವವೆಂದು ವಾದಿಸುವವರುಂಟು. ಇದು ಕೆಸರಿನಲ್ಲಿ ಹುಟ್ಟಿದುದೆಲ್ಲವನ್ನೂ ಪಂಕಜವೆಂದು ಕರೆದಂತೆ. ಯೋಗಾರ್ಥಕ್ಕಿಂತ ರೂಢ್ಯರ್ಥವು ಬಲವತ್ತರವೆಂಬುದನ್ನು ಮರೆತ ಮಾತು.

ಬುಷ್ ಅವರ ಮಾತಿನಲ್ಲಿ ದೋಷವಿದ್ದಿತೆ? ವಾಚ್ಯಾರ್ಥವನ್ನು ನೋಡಿದರೆ ಇಲ್ಲ. ಯಾವ ಅಧ್ಯಕ್ಷನಾದರೂ ಯಾವ ಪ್ರತಿಕಕ್ಷಿಯನ್ನು ಕುರಿತಾದರೂ ಹೀಗೆ ಗೊಣಗಬಹುದು. ಆದರೆ ವ್ಯಂಗ್ಯಾರ್ಥವು ಶಬ್ದಮಾತ್ರದಿಂದ ಹುಟ್ಟತಕ್ಕುದಲ್ಲ. ಹೇಳುವವನು, ಕೇಳುವವನು, ಧ್ವನಿಯ ಏರಿಳಿತ, ಪ್ರಸ್ತಾವ, ದೇಶ, ಕಾಲ ಇವುಗಳ ವೈಶಿಷ್ಟ್ಯದಿಂದ ಅದು ಹೊರಡುವುದೆಂದು ಮಮ್ಮಟನು ಕಾವ್ಯಪ್ರಕಾಶದ ಮೂರನೆಯ ಉಲ್ಲಾಸದಲ್ಲಿ ಎಣಿಸಿದ್ದಾನೆ. ಇಲ್ಲಿ ಕೇಳುವವರು ಯಾರು? ಯೆಹೂದ್ಯರು ಮರೆಯಲ್ಲಿದ್ದು ಲೋಕವನ್ನು ಆಡಿಸುತ್ತಾರೆಂಬ ಸುಳ್ಳನ್ನು ತಲೆತಲಾಂತರದಿಂದ ಕೇಳಿ ನೊಂದವರು. ಆ ಸುಳ್ಳನ್ನು ಹಬ್ಬಿಸಿದ ‘ಝಿಯೋನಿನ ಹಿರಿಯರ ನಡವಳಿಗಳು’ ಎಂಬ ಹೊತ್ತಗೆಯು ಕೃತ್ರಿಮವೆಂದು ಲಂಡನ್ನಿನ ಟೈಮ್ಸ್ ಪತ್ರಿಕೆಯು 1921ರಲ್ಲಿಯೇ ಸಿದ್ಧಪಡಿಸಿದ್ದರೂ ಅದರ ವಿಷ ಇಳಿದಿಲ್ಲ. ‘ಪ್ರಬಲ ಶಕ್ತಿಗಳು’ ಎಂಬ ಮಾತು ಅವರ ಕಿವಿಗೆ ಬೇರೆಯಾಗಿ ಕೇಳಿದುದು ಸಹಜವೇ. ಮೇಲಾಗಿ ಅಂದು ಬಂದವರು ಬಹುಮಂದಿ ಸಾಧಾರಣ ನಾಗರಿಕರು; ಶಾಸನಸಭೆಗೆ ಅಹವಾಲನ್ನು ಒಪ್ಪಿಸುವ ಹಕ್ಕನ್ನು ರಾಜ್ಯಾಂಗದ ಮೊದಲನೆಯ ತಿದ್ದುಪಡಿಯೇ ಅವರಿಗೆ ಕೊಟ್ಟಿದೆ.

ಇಷ್ಟರಿಂದ ಆರೋಪವು ಸಿದ್ಧವಾಗದು. ಕೇಳುವವನಲ್ಲಿ ಹುಟ್ಟಿದ ವ್ಯಂಗ್ಯವನ್ನು ಹೇಳುವವನ ತಾತ್ಪರ್ಯವೆಂದು ನಿರ್ಣಯಿಸಬೇಕಾದರೆ ಬೇರೆ ಪ್ರಮಾಣ ಬೇಕು. ಇಲ್ಲಿ ಸಿಕ್ಕುವ ಪ್ರಮಾಣಗಳು ವಿರುದ್ಧದಿಕ್ಕಿಗೆ ಎಳೆಯುತ್ತವೆ. ಝಿಯೋನಿಸಮ್ ಎಂಬುದು ಜನಾಂಗದ್ವೇಷದ ಒಂದು ರೂಪವೆಂದು 1975ರಲ್ಲಿ ವಿಶ್ವಸಂಸ್ಥೆಯು ಮಾಡಿದ್ದ ನಿರ್ಣಯವನ್ನು ರದ್ದುಮಾಡಬೇಕೆಂದು ಅದೇ ಸೆಪ್ಟೆಂಬರಿನಲ್ಲಿ ಆ ಸಂಸ್ಥೆಯ ಮಹಾಸಭೆಯ ಮುಂದೆ ಕೇಳಿದವರು ಬುಷ್ ಅವರೇ. ಡಿಸೆಂಬರ್ 16ರಂದು ಅದು ರದ್ದಾಯಿತು. 1975ರಲ್ಲಿ ಆ ನಿರ್ಣಯದ ಪರವಾಗಿ ಮತ ಕೊಟ್ಟಿದ್ದ ಭಾರತವು ಈ ಸಲ ಅದರ ರದ್ದತಿಗೆ ಮತ ಕೊಟ್ಟು, 1992ರ ಜನವರಿ 29ರಂದು ಇಸ್ರೇಲಿನೊಡನೆ ಪೂರ್ಣ ರಾಯಭಾರಸಂಬಂಧವನ್ನು ಬೆಳೆಸಿತು. ತಮ್ಮ ಮಾತಿನಿಂದ ಯೆಹೂದ್ಯರಿಗೆ ಆತಂಕವಾಯಿತೆಂದು ಕಂಡಾಗ, ಹೀಗಳೆಯುವ ಉದ್ದೇಶ ತಮಗಿರಲಿಲ್ಲವೆಂದು ಬುಷ್ ಅವರು ಆ ಸಂಘಗಳ ಮುಖ್ಯಸ್ಥರಿಗೆ ಪತ್ರವನ್ನೂ ಬರೆದರು. ನನ್ನ ಮಟ್ಟಿಗೆ ತೋರುವುದೇನೆಂದರೆ, ಬುಷ್ ಅವರ ಮಾತು ಅಜಾಗರೂಕ. ಝೆಯೆವಿ ಅವರ ಮಾತು ಜಲ್ಪ. ನೈಯಾಯಿಕರು ಜಲ್ಪವನ್ನು ವಾದದಿಂದ ಬೇರ್ಪಡಿಸಿದುದು ಅದು ತತ್ತ್ವವನ್ನು ಬಿಟ್ಟು ಗೆಲುವನ್ನೇ ಗುರಿಯಾಗಿ ಉಳ್ಳುದೆಂಬುದರಿಂದಲಷ್ಟೆ. ವಸತಿಗಳ ನಿಬಂಧನೆ ನ್ಯಾಯವೋ ಅನ್ಯಾಯವೋ ಎಂಬ ಪ್ರಶ್ನೆಗೆ ಆ ಬೈಗುಳದಲ್ಲಿ ಉತ್ತರವಿರಲಿಲ್ಲ.

ಮುಂದಿನ ವೃತ್ತಾಂತವನ್ನು ಸಂಕ್ಷೇಪಿಸಬಹುದು. ಕಾಂಗ್ರೆಸ್ಸು ವಿಳಂಬಕ್ಕೆ ಒಪ್ಪಿತು. ಅಕ್ಟೋಬರ್ 30ರಂದು ಮ್ಯಾಡ್ರಿಡ್ಡಿನಲ್ಲಿ ಸಂಧಾನಸಭೆಯು ಕೂಡಿತು. 1992ರ ಮಾರ್ಚಿಯಲ್ಲಿ ಸೆನೆಟ್ಟಿನ ಕೆಲವರು ತಂದ ರಾಜಿಯ ಸೂತ್ರವನ್ನು ಬುಷ್ ಒಪ್ಪಲಿಲ್ಲ. ಜೂನ್ 23ರ ಚುನಾವಣೆಯಲ್ಲಿ ಶಮೀರ್ ಅವರ ಪಕ್ಷವು ಸೋತು ಯಿತ್ಸಾಕ್ ರಬೀನ್ ಪ್ರಧಾನಮಂತ್ರಿಗಳಾದರು. ಆಗಸ್ಟಿನಲ್ಲಿ ಒಡಂಬಡಿಕೆಯಾಗಿ ಅಕ್ಟೋಬರಿನಲ್ಲಿ ಅದು ಶಾಸನವಾಯಿತು: ವರ್ಷಕ್ಕೆ ಇನ್ನೂರು ಕೋಟಿಯಂತೆ ಐದು ವರ್ಷ ಜಾಮೀನು; ಆಕ್ರಮಿತ ಪ್ರದೇಶದ ವಸತಿಗಳಿಗೆ ಇಸ್ರೇಲ್ ಮಾಡುವ ವೆಚ್ಚದಷ್ಟು ಅದರಲ್ಲಿ ಕಡಿತ. ಆ ನವೆಂಬರಿನಲ್ಲಿ ಬುಷ್ ಅವರೂ ಚುನಾವಣೆಯಲ್ಲಿ ಸೋತರು. ಇದಕ್ಕೆ ಜಾಮೀನಿನ ವಿವಾದವೇ ಕಾರಣವೆನ್ನುವವರಿದ್ದಾರೆ. ದೇಶದ ಆರ್ಥಿಕ ದುಃಸ್ಥಿತಿಯನ್ನು ಮರೆತು ಹಾಗೆ ಹೇಳುವುದು ನನಗೆ ಸಮರ್ಪಕವಾಗಿ ಕಾಣದು.

ಅಧಿಕಾರದ ಪ್ರಶ್ನೆಯಾದರೋ ಮತ್ತೆ ಮತ್ತೆ ಎದ್ದಿದೆ. 2019ರಲ್ಲಿ ಉಕ್ರೇನಿಗೆ ಕಾಂಗ್ರೆಸ್ಸು ಮಂಜೂರು ಮಾಡಿದ್ದ ಸೈನಿಕ ಸಹಾಯವನ್ನು ಅಧ್ಯಕ್ಷ ಟ್ರಂಪ್ ಅವರ ಆಡಳಿತವು ತಡೆಹಿಡಿಯಿತು. ಹೀಗೆ ತಡೆದುದು 1974ರ ಕಾಯಿದೆಗೆ ವಿರುದ್ಧವೆಂದು ಕಾಂಗ್ರೆಸ್ಸಿನ ಲೆಕ್ಕಪರಿಶೋಧನ ಕಚೇರಿಯು 2020ರ ಜನವರಿಯಲ್ಲಿ ಅಭಿಪ್ರಾಯವನ್ನು ಕೊಟ್ಟಿತು. 1991ರಲ್ಲಿ ಹಣ ಇನ್ನೂ ಮಂಜೂರಾಗಿರಲಿಲ್ಲ, 2019ರಲ್ಲಿ ಆಗಿದ್ದಿತು. ಈ ಒಂದು ಭೇದದಿಂದಲೇ ಬುಷ್ ಅವರು ಕೇಳಿದ ವಿಳಂಬವು ರಾಜ್ಯಾಂಗದ ಮೇರೆಯೊಳಗೆ ಉಳಿಯಿತು. 1992ರ ಶಾಸನದ ಕಡಿತದ ನಿಬಂಧನೆಯಾದರೂ ಕಾಗದದ ಮೇಲೆ ಮಾತ್ರ ಉಳಿಯಲಿಲ್ಲ. ಬುಷ್ ಅವರ ತರುವಾಯ ಅಧ್ಯಕ್ಷರಾದ ಕ್ಲಿಂಟನ್ ಅವರ ಆಡಳಿತವು ಅದೇ ನಿಬಂಧನೆಯ ಮೇರೆಗೆ 1994ನೆಯ ಆರ್ಥಿಕ ವರ್ಷದ ಜಾಮೀನಿನಲ್ಲಿ ನಲವತ್ತಮೂರು ಕೋಟಿ ಎಪ್ಪತ್ತು ಲಕ್ಷ ಡಾಲರುಗಳನ್ನು ಕಳೆಯಿತು.