ಹಸುವಿನ 21 ದಿನಗಳ ಲೆಕ್ಕ

ಮುಂಜಾನೆ ನಮ್ಮ ಬಾಗಿಲಿಗೆ ಬರುವ ಹಾಲಿನ ಪೊಟ್ಟಣದ ಹಿಂದೆ ಒಂದು ಕರುವಿನ ಜನನವಿದೆಯೆಂಬುದನ್ನು ಮಹಾನಗರವಾಸಿಗಳಾದ ನಾವು ಬಹುಮಟ್ಟಿಗೆ ಮರೆತಿದ್ದೇವೆ. ಹಸು ಈಯದೆ ಹಾಲಿಲ್ಲ, ಗಬ್ಬವಾಗದೆ ಈಯುವುದಿಲ್ಲ.

ಹಸುವಿಗೆ ಸುಮಾರು 21 ದಿನಗಳಿಗೊಮ್ಮೆ ಬೆದೆ ಬರುತ್ತದೆ. ಅದು ಇರುವುದು ಸಾಮಾನ್ಯವಾಗಿ 12ರಿಂದ 18 ಗಂಟೆಗಳ ಕಾಲ ಮಾತ್ರ. ಪದೇ ಪದೇ ಕೂಗುವುದು, ಮೇವು ಕಡಿಮೆ ಮಾಡುವುದು, ತಿಳಿಯಾದ ಲೋಳೆ ಸುರಿಸುವುದು, ಇತರ ದನಗಳು ಮೇಲೇರಿದಾಗ ಕದಲದೆ ನಿಲ್ಲುವುದು ಇದರ ಚಿಹ್ನೆಗಳು. ಬೆದೆ ಮುಗಿದು ಹತ್ತು ಹನ್ನೆರಡು ಗಂಟೆಗಳಾದ ಮೇಲೆ ಅಂಡಾಶಯದಿಂದ ಅಂಡವು ಹೊರಬೀಳುತ್ತದೆ. ಆದುದರಿಂದಲೇ ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕೆಂಬುದು ಪಶುವೈದ್ಯರ ನಿಯಮ.

ಭಾರತದಲ್ಲಿ ಕೃತಕ ಗರ್ಭಧಾರಣೆಗೆ ನಾಂದಿಯಾದದ್ದು 1939ರಲ್ಲಿ, ಮೈಸೂರಿನ ಅರಮನೆಯ ಡೈರಿ ಫಾರಂನಲ್ಲಿ. ಅದನ್ನು ಕೈಗೊಂಡವರು ಸಂಪತ್ ಕುಮಾರನ್. ಇಂದು ಹೋರಿಯ ವೀರ್ಯವನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ, ವರ್ಷಗಟ್ಟಲೆ ಕಾಪಿಡಬಹುದು. ಆದರೆ ಬೆದೆಯನ್ನು ಗುರುತಿಸಬೇಕಾದವರು ಕೊಟ್ಟಿಗೆಯವರೇ.

ಹಸುವಿನ ಗರ್ಭಾವಧಿ ಸುಮಾರು 280 ದಿನಗಳು. ವರ್ಷಕ್ಕೊಂದು ಕರು ಬೇಕಾದರೆ ಈದ 85 ದಿನಗಳೊಳಗಾಗಿ ಅದು ಮತ್ತೆ ಗಬ್ಬವಾಗಬೇಕು. ಒಂದು ಬೆದೆ ತಪ್ಪಿದರೆ ಮುಂದಿನ ಹಾಲು 21 ದಿನ ಹಿಂದೆ ಸರಿಯುತ್ತದೆ. ಮೇವಿನ ಖರ್ಚೂ ಬ್ಯಾಂಕಿನ ಬಡ್ಡಿಯೂ ಕಾಯುವುದಿಲ್ಲ.

ಊರಿನಲ್ಲಿರುವ ಅಣ್ಣತಮ್ಮಂದಿರಿಗೆ ಹಸು ಕೊಡಿಸುವ ಸದಸ್ಯಬಾಂಧವರು ಜೊತೆಗೊಂದು ಕ್ಯಾಲೆಂಡರನ್ನೂ ಕಳುಹಿಸಲಿ. ಹಸು ಈದ, ಬೆದೆಗೆ ಬಂದ, ಗರ್ಭಧಾರಣೆ ಮಾಡಿಸಿದ ತಾರೀಖುಗಳು ಅದರಲ್ಲಿ ದಾಖಲಾಗಲಿ. ಬೆದೆ ಮರಳಲಿಲ್ಲವೆಂದು ನಿಶ್ಚಿಂತರಾಗದೆ, ಎರಡು ಮೂರು ತಿಂಗಳಿಗೆ ಪಶುವೈದ್ಯರಿಂದ ಗರ್ಭಪರೀಕ್ಷೆ ಮಾಡಿಸುವುದು ಕ್ಷೇಮ.