ತೊಲೆ ಬಾಗಿಲಾದ ಬಗೆ

ಮದ್ದೂರಿನ ಬಳಿಯ ನಮ್ಮ ಹಳ್ಳಿಯಲ್ಲಿ ತಾತನ ತೊಟ್ಟಿಮನೆಯನ್ನು ಬಿಚ್ಚಿದಾಗ, ಮಸಿ ಹಿಡಿದ ಆರು ಮತ್ತಿಯ ತೊಲೆಗಳು ನನ್ನ ಪಾಲಿಗೆ ಬಂದವು. “ಸೌದೆಗೆ ಹಾಕಿ” ಎಂದವರೇ ಹೆಚ್ಚು. ಮಂಡ್ಯದಲ್ಲಿ ಕಟ್ಟಿಸುತ್ತಿದ್ದ ಮನೆಗೆ ಅವುಗಳಿಂದಲೇ ಬಾಗಿಲಾಗಬೇಕೆಂಬುದು ಅಮ್ಮನ ಹಟ.

ಹಟದಲ್ಲಿ ವಿವೇಕವೂ ಇತ್ತು. ಕಬ್ಬು–ಭತ್ತದ ಈ ಸೀಮೆಯಲ್ಲಿ ಹೆಮ್ಮರಗಳ ಕಾಡು ವಿರಳ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಾಡು 1987ರಿಂದ ಕಾವೇರಿ ವನ್ಯಧಾಮದ ಭಾಗ. ಹಸಿ ಮರ ಕೊಂಡರೆ ಅದು ಒಣಗುತ್ತ ಅಗಲದಲ್ಲಿ ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ಒಂದಂಗುಲ ದಪ್ಪದ ಹಲಗೆ ಗಾಳಿಯಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕೆಂಬುದು ಬಡಗಿಗಳ ಲೆಕ್ಕ. ನಮ್ಮ ತೊಲೆಗಳಾದರೋ ಸೂರಿನಡಿ ಎರಡು ತಲೆಮಾರು ಒಣಗಿದ್ದವು.

ಸಾಮಿಲ್ಲೊಂದರಲ್ಲಿ ತೊಲೆಯೊಂದನ್ನು ಸೀಳಿಸಿ, ಹಲಗೆಗಳನ್ನು ನೇರವಾಗಿ ದಪ್ಪ ಸಮಮಾಡುವ ಯಂತ್ರಕ್ಕೆ ಕೊಡಿಸಿದೆ. ಹಲಗೆಗಳು ಕನ್ನಡಿಯಂತೆ ಹೊಳೆದವು. ಆದರೆ ಬಿಲ್ಲಿನಂತೆ ಬಾಗಿಯೇ ಹೊರಬಂದವು!

ವೃದ್ಧ ಆಚಾರಿಯೊಬ್ಬರು ನಕ್ಕರು. “ಮೇಷ್ಟ್ರೇ, ಆ ಯಂತ್ರಕ್ಕೆ ದಪ್ಪ ಗೊತ್ತು, ನೇರ ಗೊತ್ತಿಲ್ಲ.”

ಅದರ ಉರುಳೆಗಳು ಬಾಗಿದ ಹಲಗೆಯನ್ನು ಒತ್ತಿ ಹಿಡಿಯುತ್ತವೆ. ಒತ್ತಡ ತಪ್ಪಿದೊಡನೆ ಹಲಗೆ ಮತ್ತೆ ಬಾಗುತ್ತದೆ.

ಉಳಿದ ಐದು ತೊಲೆಗಳ ಕೆಲಸ ಅವರ ಕ್ರಮದಲ್ಲೇ ನಡೆಯಿತು. ಮೊದಲು ಅಯಸ್ಕಾಂತ ಆಡಿಸಿ ಹಳೆಯ ಮೊಳೆಗಳನ್ನು ಹುಡುಕಿ ಕಿತ್ತರು. ಒಂದು ಉಳಿದರೂ ಅಲಗು ಹಾಳಾಗುತ್ತದೆ, ಕೈಗೂ ಅಪಾಯ. ಹಲಗೆ ಸೀಳಿಸಿ, ಬೇಕಾದ ಉದ್ದಕ್ಕಿಂತ ತುಸು ಹೆಚ್ಚು ಬಿಟ್ಟು ತುಂಡರಿಸಿದರು. ತುಂಡು ಗಿಡ್ಡವಾದಷ್ಟೂ ಬಾಗು ಕಡಿಮೆ. ಪ್ಲೇನಿಂಗ್ ಯಂತ್ರದ ಮೇಲೆ ತಗ್ಗು ಮುಖವನ್ನು ಕೆಳಗಿಟ್ಟು ಒಂದು ಮುಖ ಸಪಾಟು ಮಾಡಿದರು. ಆ ಮುಖವನ್ನು ಆಸರೆಗೆ ಒತ್ತಿ ಒಂದು ಅಂಚನ್ನು ಮೂಲೆಮಟ್ಟಕ್ಕೆ ತಂದರು. ಆಮೇಲೆಯೇ ದಪ್ಪದ ಯಂತ್ರದ ಸರದಿ. ಕೊನೆಗೆ ಗರಗಸದಿಂದ ನಾಲ್ಕನೆಯ ಅಂಚು. ಎಳೆಯ ಓಟಕ್ಕೆ ಎದುರಾಗಿ ನೂಕಿದರೆ ಮರ ಕಿತ್ತುಬರುತ್ತದೆಂದು ಪ್ರತಿ ಹಲಗೆಯನ್ನೂ ತಿರುಗಿಸಿ ನೋಡುತ್ತಿದ್ದರು.

ಕೂಡಲೇ ಬಾಗಿಲು ಜೋಡಿಸಲಿಲ್ಲ. ದಪ್ಪದಲ್ಲಿ ತುಸು ಉಳಿಸಿ, ನಡುವೆ ರೀಪುಗಳನ್ನಿಟ್ಟು ಪೇರಿಸಿದರು. ತೊಲೆಯೊಳಗಿನ ಬಿಗಿ ಸೀಳಿದ ಮೇಲೆ ಸಡಿಲಗೊಳ್ಳುವುದರಿಂದ ಹಲಗೆಗೆ ಕೆಲವು ದಿನಗಳ ವಿಶ್ರಾಂತಿ ಬೇಕಂತೆ. ಅನಂತರ ಕಡೆಯ ಉಜ್ಜು.

ಒಂದು ಹಲಗೆಯಲ್ಲಿ ದೊಡ್ಡ ತೂತಿತ್ತು. “ಕತ್ತರಿಸಿ ತೆಗೆಯಲೇ?” ಎಂದರು ಆಚಾರಿ. ಅಮ್ಮ ಬೆರಳಿಟ್ಟು ನೋಡಿ, “ಬೇಡಿ. ಇವನ ತೊಟ್ಟಿಲಿನ ಕೊಕ್ಕೆ ಇದ್ದ ಜಾಗ” ಎಂದರು.

ಈ ಆಷಾಢದ ಜಡಿಮಳೆಯಲ್ಲೂ ಬಾಗಿಲು ಎಲ್ಲಿಯೂ ಕಚ್ಚದೆ ಮುಚ್ಚಿಕೊಂಡಿತು. ಆ ತೂತು ಇನ್ನೂ ಹಾಗೆಯೇ ಇದೆ.